ದೊಣೆಗೆ ಸುರಿದ ಜಲ್ಲಿ

ಕುಂದುರ್ಪಿ ಹತ್ತಿರದ ಬೆಟ್ಟದಲ್ಲಿ ಮಾತ್ರ ಉಳಿದಿದ್ದ ಒಂದು ಜಾತಿಯ ನೆಲಗಪ್ಪೆಗಳು, ಬಂಡೆಯ ನಡುವೆ ಮಳೆನೀರು ನಿಲ್ಲುವ ದೊಣೆಯಲ್ಲಿ ಮೊಟ್ಟೆಯಿಡುತ್ತಿದ್ದವು. ೨೦೦೬ರ ಮುಂಗಾರಿನಲ್ಲಿ ಕ್ವಾರಿಯವರು ದಾರಿಗೆಂದು ಆ ದೊಣೆಗೇ ಜಲ್ಲಿ ಸುರಿಯತೊಡಗಿದರು. ಕಲ್ಯಾಣದುರ್ಗದಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಸ್ನೇಹಲತಾ ಸುದ್ದಿ ಕೇಳಿ ಬೆಟ್ಟ ಹತ್ತಿ ಬಂದಳು.

"ನೀರಾಗೆ ಮರಿ ಅವೆ. ರೋಡು ವಸಿ ಆಕಡೆ ತಿರುಗಿಸ್ರಪ್ಪ," ಎಂದಳು.

"ಕಪ್ಪೆಗೋಸ್ಕರ ಯಾರಾದ್ರೂ ಡೀಸೆಲ್ ಸುಡ್ತಾರೇನಮ್ಮ?" ಎಂದು ಮೇಸ್ತ್ರಿ ರುದ್ರೇಶ್ ನಗುತ್ತ, ಜಲ್ಲಿ ತುಂಬಿದ್ದ ಟಿಪ್ಪರಿಗೆ ಮುಂದೆ ಬಾ ಎಂದು ಕೈ ಬೀಸಿದ.

ಸ್ನೇಹಲತಾಳ ಮೈ ಉರಿಯಿತು. ಸೀರೆ ಎತ್ತಿಕಟ್ಟಿ ದೊಣೆಗಿಳಿದು ನಿಂತಳು.

"ಇವುಗಳ ಜೊತೆ ನನ್ನೂ ಮುಚ್ಬುಡು."

ಡ್ರೈವರ್ ಎಂಜಿನ್ ಆರಿಸಿ ಕೆಳಗಿಳಿದ. ರುದ್ರೇಶ್ ಎಷ್ಟು ಬೈದರೂ ಮತ್ತೆ ಹತ್ತಲಿಲ್ಲ. ಸಂಜೆಗೆ ರೋಡು ಪಕ್ಕಕ್ಕೆ ತಿರುಗಿತು. ಆದರೆ ಅರ್ಧ ದೊಣೆ ಆಗಲೇ ತುಂಬಿಹೋಗಿತ್ತು. ಸ್ನೇಹಲತಾ ಬರಿಗೈಯಲ್ಲೇ ಜಲ್ಲಿ ಎತ್ತಿ ಎಸೆಯತೊಡಗಿದಳು.