ನೀರಂಚಿನ ಕಲ್ಲು

ಒಂಬತ್ತು ವರ್ಷಗಳ ಹಿಂದೆ ತಂಗಿಯನ್ನು ಈ ಚಾರಣ ಶಿಬಿರದ ಕೆಲಸಕ್ಕೆ ಸೇರಿಸಿದ ದಿನ ನಾನೇ ಮಾತು ಕೊಟ್ಟಿದ್ದೆ: "ನನಗೆ ಅನುಮಾನ ಬಂತು ಅಂದ್ರೆ ಆ ಕ್ಷಣವೇ ಕೂಗ್ತೀನಿ. ಎದುರಿಗೆ ಯಾರೇ ಇರ್ಲಿ, ನಿನ್ನ ಮುಲಾಜು ನೋಡಲ್ಲ."

ಮಕ್ಕಳನ್ನು ಹಳ್ಳ ದಾಟಿಸುವಾಗ ನಮ್ಮದೊಂದು ಪದ್ಧತಿ. ನೀರಿನಂಚಿನಿಂದ ಒಂದು ಗೇಣು ಮೇಲೆ ಬಿಳಿಗಲ್ಲು ಇಡುತ್ತೇವೆ. ಅದರ ಬುಡಕ್ಕೆ ನೀರು ಮುಟ್ಟಿತೆಂದರೆ ಹಳ್ಳ ಏರುತ್ತಿದೆ. ದಾಟುವುದು ಅಲ್ಲಿಗೇ ಬಂದ್. ದಾಟಿದವರು ಸೇತುವೆ ಸುತ್ತಿ ಬರಬೇಕು. ಮುಂದಿದ್ದವರು ದಡದಿಂದ ದಡಕ್ಕೆ ಕಟ್ಟಿದ ಹಗ್ಗ ನೋಡಬೇಕು, ಹಿಂದಿದ್ದವರು ಕಲ್ಲು.

ಈ ಸಲ ಮುಂದೆ ತಂಗಿ, ಹಿಂದೆ ನಾನು. ಎಂಟು ಮಕ್ಕಳಲ್ಲಿ ನನ್ನ ಮಗಳೂ ಒಬ್ಬಳು.

ಬೆಳಿಗ್ಗೆ ಅವಳ ಶೂ ಲೇಸ್ ಕಟ್ಟಲು ಬಗ್ಗಿದರೆ ಕಾಲು ಹಿಂದೆಳೆದುಕೊಂಡಳು. "ಬಿಡಮ್ಮಾ, ಚಿಕ್ಕಮ್ಮ ಬೇರೆ ಗಂಟು ಹೇಳ್ಕೊಟ್ಟಿದ್ದಾಳೆ. ನಿಂದು ಬಿಚ್ಚೋಗುತ್ತೆ."

"ಇಷ್ಟು ವರ್ಷ ಬಿಚ್ಚಿರ್ಲಿಲ್ವೇನೇ?"

"ನಿಂಗೆ ಎಲ್ಲದಕ್ಕೂ ಬೇಡ, ಬೇಡ. ಗಿಳಿ ಥರ."

ತಂಗಿ ನಕ್ಕಳು. "ಪಾಪ, ಅಮ್ಮನ್ನ ಗೋಳು ಹೊಯ್ಕೋಬೇಡ್ವೇ."

ಆ 'ಪಾಪ'ಕ್ಕೇ ನನ್ನ ಹೊಟ್ಟೆ ಉರಿದದ್ದು. ಡಬ್ಬಿ ಕಟ್ಟುವವಳು, ಬಟ್ಟೆ ಒಗೆಯುವವಳು, ಬೈಸಿಕೊಳ್ಳುವವಳು ನಾನು. ಮಗಳ ಕಣ್ಣಿನ ಮಿಂಚೆಲ್ಲ ಅವಳಿಗೆ.

ಮೂರನೆಯವಳಾಗಿ ಮಗಳು ದಾಟಿದಳು. ಆಚೆ ದಡದಲ್ಲಿ ಚಿಕ್ಕಮ್ಮನಿಗೆ ಅಂಟಿಕೊಂಡು ನಿಂತು ಹಗ್ಗ ಹಿಡಿದಳು. ಆಗ ಕಲ್ಲಿನ ಬುಡ ಒದ್ದೆಯಾಯಿತು.

ನೋಡಿದೆ. ಬಾಯಿಯನ್ನೂ ತೆರೆದೆ. ಮತ್ತೆ ಎಲ್ಲರೆದುರು ಗಿಳಿ ಅನ್ನಿಸಿಕೊಳ್ಳಬೇಕಲ್ಲ ಎನಿಸಿತು. ತಂಗಿಯೂ ಒಮ್ಮೆ ಎಡವಲಿ, ಮಗಳ ಕಣ್ಣೆದುರೇ ಎಡವಲಿ ಎಂದೂ ಅನಿಸಿತು. "ಹೋಗು ಮರಿ," ಎಂದು ಮುಂದಿನ ಹುಡುಗನನ್ನು ನೀರಿಗೆ ಕಳಿಸಿದೆ.

ನಡುಹಳ್ಳದಲ್ಲಿ ಅವನ ಕಾಲು ನೆಲ ಬಿಟ್ಟಿತು. ಹಗ್ಗಕ್ಕೆ ಜೋತುಬಿದ್ದವನನ್ನು ತಂಗಿ ಎದೆಮಟ್ಟದ ನೀರಿಗಿಳಿದು ಎಳೆದುಕೊಂಡಳು. ಹುಡುಗನ ಭುಜದ ಕೀಲು ತಪ್ಪಿತ್ತು, ಜೀವ ಉಳಿಯಿತು.

"ಅಕ್ಕಾ, ಕಲ್ಲು?" ಆಚೆಯಿಂದ ಕೂಗಿದಳು.

"ಈಗ್ತಾನೇ ಮುಳುಗ್ತು!" ಎಂದೆ. ಅವಳು ನಂಬಿದಳು.

ಸಂಜೆ ಆಫೀಸಿನಲ್ಲಿ ಅವಳೇ ವರದಿ ಬರೆದಳು: "ದಾಟಿಸುವ ನಿರ್ಧಾರ ನನ್ನದು, ತಪ್ಪೂ ನನ್ನದು." ತಂಡದ ಮುಂದಾಳತ್ವದಿಂದ ಅವಳನ್ನು ಇಳಿಸಿದರು. ಮಗಳು ಅವಳ ಒದ್ದೆ ತೋಳಿಗೆ ತಲೆಯಾನಿಸಿ ಕೂತಿದ್ದಳು. ವರದಿಯ ಕೆಳಗೆ, ಸಾಕ್ಷಿಯ ಜಾಗದಲ್ಲಿ, ನಾನು ಸಹಿ ಹಾಕಿದೆ.

ಕಲ್ಲು ಒದ್ದೆಯಾದದ್ದು ಕಂಡೂ ನಾನು ಕೂಗಲಿಲ್ಲ. ತಂಗಿಗೆ ಕೊಟ್ಟ ಮಾತು ಮುರಿದೆ.