ಹುಳಿಯಲ್ಲಿ ತಿಕ್ಕಿದ ನಾಣ್ಯ

ಪುತ್ತೂರಿನಲ್ಲಿ ಮೂವತ್ತು ವರ್ಷ ಚರಿತ್ರೆ ಪಾಠ ಮಾಡಿದವನು ನಾನು. ರೋಮಿನ ನಾಣ್ಯ ನಮ್ಮ ಊರುಗಳಿಗೂ ಬಂದಿರಬೇಕು ಎಂದಾಗಲೆಲ್ಲ ಮಂಗಳೂರಿನ ವಿದ್ವಾಂಸರೊಬ್ಬರು ನಕ್ಕು ತಳ್ಳಿಹಾಕುತ್ತಿದ್ದರು. ತೋರಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಹಾಗಿರುವಾಗ ಐವರ್ನಾಡಿನ ಚನಿಯಪ್ಪ ಗೌಡರ ಫೋನ್ ಬಂತು. ರಬ್ಬರ್ ಗಿಡದ ಗುಂಡಿಯಲ್ಲಿ ಹಸಿರು ಹಿಡಿದ ಕಂಚಿನ ಬಿಲ್ಲೆ ಸಿಕ್ಕಿದೆ, ಒಂದು ತಲೆ, ಸುತ್ತ ಇಂಗ್ಲಿಷಿನಂಥ ಅಕ್ಷರ. ಆ ದಿನ ನನಗೆ ಊಟ ಸೇರಲಿಲ್ಲ.

"ಯಾರಿಗೂ ಕೊಡಬೇಡಿ, ನಾಳೆಯೇ ಬರ್ತೇನೆ" ಎಂದೆ.

ಮರುದಿನ ಜಗಲಿಯಲ್ಲಿ ಬೆಲ್ಲ, ನೀರಿನ ಜೊತೆ ಬಾಳೆಲೆಯ ತುಂಡಿನ ಮೇಲೆ ನಾಣ್ಯವನ್ನೂ ತಂದಿಟ್ಟರು. ಹೊಸ ಚೆಂಬಿನ ಹಾಗೆ ಹೊಳೆಯುತ್ತಿತ್ತು. ತಲೆಯೂ ಇಲ್ಲ, ಅಕ್ಷರವೂ ಇಲ್ಲ.

"ಇದಕ್ಕೆ ಎಂತ ಮಾಡಿದ್ರಿ?"

"ಹುಳಿ, ಬೂದಿ ಹಾಕಿ ತಿಕ್ಕಿದ್ದು" ಎಂದರು ಬಾಗಿಲಲ್ಲಿ ನಿಂತಿದ್ದ ಗೌಡರ ಹೆಂಡತಿ ಶೀಲಾವತಿ. "ನೆಂಟರು ಬರುವಾಗ ಚೆಂಬು, ದೀಪ ಎಲ್ಲ ತಿಕ್ಕುದಲ್ವಾ? ನಿಮ್ಮ ಕೈಗೆ ಕಿಲುಬು ಹಿಡಿದದ್ದು ಕೊಡುದು ಹೇಗೆ?"

ನನ್ನ ಪಿತ್ತ ನೆತ್ತಿಗೇರಿತು. ಆ ಹಸಿರು ಕೊಳೆಯಲ್ಲ, ಅಕ್ಷರ ಉಳಿದಿರುವುದೇ ಅದರಲ್ಲಿ, ಇನ್ನು ಇದು ಯಾವ ನಾಣ್ಯವೆಂದು ದೇವರೂ ಹೇಳಲಾರ ಎಂದು ಅಬ್ಬರಿಸಿದೆ. ಬುದ್ಧಿ ಇಲ್ಲದ ಕೆಲಸ ಎಂದೂ ಹೇಳಿಬಿಟ್ಟೆ. ಆಮೇಲೆ ಗೌಡರನ್ನು ಹಿಡಿದು ವಿಚಾರಿಸಿದೆ. ಹಿಂಬದಿಯಲ್ಲಿ ಏನಿತ್ತು? ಅವರಿಗೆ ನೆನಪಿಲ್ಲ. ತಲೆಯ ಮೇಲೆ ಕಿರೀಟವಿತ್ತೇ? ಅವರು ಸರಿಯಾಗಿ ನೋಡಿಲ್ಲ.

"ಮಾಷ್ಟ್ರೇ" ಎಂದರು ಶೀಲಾವತಿ. ದನಿ ಏರಿರಲಿಲ್ಲ. "ಫೋನಿನಲ್ಲಿ ಕೊಡಬೇಡಿ ಅಂದ್ರಿ. ತೊಳೀಬೇಡಿ ಅಂದ್ರಾ? ಗುಂಡಿ ತೆಗೆದದ್ದು ನಾನು. ಮಣ್ಣು ಒರಸಿ ಎರಡೂ ಬದಿ ನೋಡಿದ್ದು ನಾನು. ನೀವು ಬಂದಲ್ಲಿಂದ ಅವರ ಹತ್ರವೇ ಕೇಳ್ತಾ ಇದ್ದೀರಿ."

ನನಗೆ ಮುಖವೆತ್ತಲು ನಾಚಿಕೆಯಾಯಿತು. "ಹೇಳಿ" ಎಂದೆ.

"ಗಡ್ಡ ಮೀಸೆ ಇಲ್ಲದ ಗಂಡಸು. ತಲೆಗೆ ಮಣಿಯ ಪಟ್ಟಿ, ಅದರ ಎರಡು ತುದಿ ಕುತ್ತಿಗೆಯ ಹಿಂದೆ ನೇತಾಡ್ತಾ ಉಂಟು. ಇನ್ನೊಂದು ಬದಿಯಲ್ಲಿ ಈಟಿ ಹಿಡಿದ ಇಬ್ಬರು. ನಡುವೆ ಒಂದು ಕೋಲು, ಅದರ ತುದಿಗೆ ಚೌಕದ ಬಾವುಟ."

ಇಬ್ಬರು ಸೈನಿಕರು, ನಡುವೆ ಸೇನೆಯ ಧ್ವಜ. ರೋಮಿನ ಕಾನ್‌ಸ್ಟಂಟೈನ್ ಚಕ್ರವರ್ತಿಯ ಮನೆತನದ್ದು, ಸುಮಾರು ಸಾವಿರದ ಏಳುನೂರು ವರ್ಷ ಹಿಂದಿನದು. ನನ್ನಲ್ಲಿರುವ ಪುಸ್ತಕದ ಚಿತ್ರವನ್ನೇ ಅವರು ವಿವರಿಸಿದ್ದರು. ಆ ಪುಸ್ತಕವನ್ನು ಅವರು ಕಂಡವರೇ ಅಲ್ಲ.

ಅಲ್ಲಿಂದಲೇ ಮಂಗಳೂರಿಗೆ ಫೋನ್ ಹಚ್ಚಿ ಅವರು ಕಂಡದ್ದನ್ನು ಹೇಳಿದೆ.

"ಅಡುಗೆಮನೆ ಹೆಂಗಸು ಹೇಳಿದ್ದೆಲ್ಲ ಸಾಕ್ಷಿ ಆಗ್ತದಾ ಮಾರಾಯ್ರೆ?" ಎಂದು ವಿದ್ವಾಂಸರು ನಕ್ಕರು.

ಮೈಯೆಲ್ಲ ಉರಿಯಿತು. ನಿಮ್ಮ ಪದವಿಗಳಿಗಿಂತ ಈಕೆಯ ಎರಡು ಕಣ್ಣು ಮೇಲು ಎಂದು ಝಾಡಿಸಿ ಫೋನ್ ಇಟ್ಟೆ. ಅದೇ ಆವೇಶದಲ್ಲಿ ಟಿಪ್ಪಣಿ ಪುಸ್ತಕ ತೆರೆದು, ಎಲ್ಲರಿಗೂ ಕೇಳುವಂತೆ ಓದುತ್ತಾ ವರದಿ ಬರೆಯತೊಡಗಿದೆ.

"ಸ್ಥಳ, ಐವರ್ನಾಡು. ನಾಣ್ಯ ಸಿಕ್ಕಿದ್ದು ಚನಿಯಪ್ಪ ಗೌಡರಿಗೆ."

"ಅದನ್ನು ಹೊಡೆದು ಹಾಕಿ" ಎಂದರು ಶೀಲಾವತಿ.

ಅವರ ಹೆಸರು ಬರೆದು ಓದಿ ಹೇಳುವವರೆಗೂ ಅವರು ಬಾಗಿಲಿನಿಂದ ಕದಲಲಿಲ್ಲ.