ಮಜೀದನ ಅದಬು

ಇವತ್ತಿಗೂ ಬೇಯಿಸಿದ ತತ್ತಿಯ ವಾಸನೆ ಬಂದರೆ ನನಗೆ ಹಾನಗಲ್ಲಿನ ಆ ಬಂಗಲೆ ನೆನಪಾಗುತ್ತದೆ, ಎದ್ದು ಹೊರಗೆ ಹೋಗುತ್ತೇನೆ. ಲಿಂಗಾಯತರ ಮನೆಯಲ್ಲಿ ಹುಟ್ಟಿದವನಿಗೆ ಅದು ಸಹಜ ಎಂದು ನಗಬೇಡಿ. ಬರ್ಮಾದ ಲಡಾಯಿಯಲ್ಲಿ ಅದಕ್ಕಿಂತ ಕೆಟ್ಟ ವಾಸನೆಗಳ ನಡುವೆ ಕೂತು ಊಟ ಮಾಡಿದವನು ನಾನು. ತತ್ತಿ ಪಾಪ ಏನು ಮಾಡಿತ್ತು! ಅಸಹ್ಯವೆಲ್ಲ ಅದನ್ನು ತಿನ್ನುತ್ತಿದ್ದ ಡಾಕ್ಟರನದು.

ಲಡಾಯಿ ಮುಗಿದ ಮರುವರ್ಷದ ಮಾತು. ಹಿರೇಬೆಂಡಿಗೇರಿಯ ನಾನು, ಸವಣೂರಿನ ಮಜೀದ ಲಡಾಯಿಯಲ್ಲಿ ಒಂದೇ ಲಾರಿಯಲ್ಲಿದ್ದೆವು. ಬರ್ಮಾದ ಒಂದು ಇಳಿಜಾರಿನಲ್ಲಿ ಅದು ಮಗುಚಿತು. ನನ್ನ ಎಡಗೈಯ ಎರಡು ಬೆರಳು ಹೋದವು. ಮಜೀದನದು ಏನೂ ಹೋಗಲಿಲ್ಲ. ಬಲತೊಡೆ ಸೊಂಟಕ್ಕೆ ಕೂಡುವ ಕೀಲು ಮುರಿದು ಕೂಡಿಕೊಂಡಿತು, ಅಷ್ಟೇ. ಕೂಡಿಕೊಂಡದ್ದು ಮತ್ತೆ ಬಗ್ಗಲಿಲ್ಲ.

ಅವನ ಮನೆತನದ ಕಸುಬು ವೀಳ್ಯದೆಲೆಯದು. ತೋಟದಿಂದ ಬಂದ ಎಲೆಯನ್ನು ಆರಿಸಿ, ಒದ್ದೆ ಅರಿವೆಯಲ್ಲಿ ಸುತ್ತಿ ಕಟ್ಟುವುದು, ಇಡೀ ದಿನ ಕುಕ್ಕರಗಾಲಿನಲ್ಲಿ. ಮಜೀದ ಈಗ ನಿಂತು ಉಣ್ಣುತ್ತಿದ್ದ, ನಿಂತೇ ನಮಾಜು ಮಾಡುತ್ತಿದ್ದ. ನಿಂತುಕೊಂಡೇ ಎಲೆ ಮಾರುವ ಒಂದು ಅಂಗಡಿ ಹಾಕಬೇಕೆಂದು ಅವನ ಆಸೆ. ಮಳಿಗೆಯ ಬಾಡಿಗೆಗೆ ಪೆನ್ಶನ್ ಬೇಕು. ಪೆನ್ಶನ್ ಬರಬೇಕಾದರೆ ನೂರಕ್ಕೆ ಇಪ್ಪತ್ತರಷ್ಟಾದರೂ ಊನವಿದೆ ಎಂದು ಮಿಲಿಟರಿ ಡಾಕ್ಟರ ಬರೆಯಬೇಕು. ಹತ್ತೊಂಬತ್ತಾದರೆ ಕೈಗೆ ಚಿಪ್ಪು.

ಆ ಡಾಕ್ಟರ ಹಾನಗಲ್ಲಿನ ಬಂಗಲೆಗೆ ಬಂದಿದ್ದಾನೆಂದು ತಿಳಿದು ಹೊರಡುವಾಗ ಅವನ ತಾಯಿ ಹಾಜರಾಬಿ ಇಬ್ಬರಿಗೂ ಬುದ್ಧಿ ಹೇಳಿದಳು. "ಸಾಹೇಬರ ಮುಂದ ಅದಬಿನಿಂದ ಇರ್ರಿ. ಕುರ್ಚಿ ಮ್ಯಾಲ ಕುಂದರಬ್ಯಾಡ್ರಿ. ನಮ್ಮ ಮನಿಯವರು ದೊಡ್ಡವರ ಮುಂದ ಎಂದೂ ಕುರ್ಚಿ ಏರಿಲ್ಲ." ನವಾಬರ ಊರಾದ ಸವಣೂರಿನ ಹೆಂಗಸು. ಅದಬು ಅಂದರೆ ಮರ್ಯಾದೆ, ಅದು ಅವಳಿಗೆ ಉಪ್ಪಿದ್ದಂತೆ, ಅದಿಲ್ಲದೆ ತುತ್ತು ಇಳಿಯದು.

ಬಂಗಲೆಯಲ್ಲಿ ಮೊದಲು ನನ್ನ ಸರದಿ. ಡಾಕ್ಟರ ನನ್ನ ಕೈ ನೋಡಿದ, ಇಲ್ಲದ ಬೆರಳುಗಳನ್ನು ಎಣಿಸಿದ, ಗುಮಾಸ್ತ ಶಿದ್ಲಿಂಗಪ್ಪನಿಗೆ ಹೇಳಿ ನೂರಕ್ಕೆ ಇಪ್ಪತ್ತು ಎಂದು ಬರೆಸಿದ. ಅಲ್ಲಿಗೆ ಮುಗಿಯಿತು. ನಾನು ಗೋಡೆ ಬದಿಯ ಎರಡು ಕುರ್ಚಿಗಳಲ್ಲಿ ಒಂದರ ಮೇಲೆ ಕೂತೆ. ಹಾಜರಾಬಿಯ ಮಾತು ನೆನಪಿತ್ತು, ಆದರೂ ಕೂತೆ. ನಾಲ್ಕು ವರ್ಷ ಸರಕಾರಕ್ಕೆ ಮೈ ಕೊಟ್ಟವನಿಗೆ ಒಂದು ಕುರ್ಚಿ ಭಾರವೇ?

ಆಮೇಲೆ ಮಜೀದನನ್ನು ಮೇಜಿನ ಮೇಲೆ ಮಲಗಿಸಿದರು. ಡಾಕ್ಟರ ಕಾಲೆತ್ತಿದ. ಒಂದು ಗೇಣು ಏಳುವಷ್ಟರಲ್ಲಿ ಕಾಲಿನ ಜೊತೆ ಸೊಂಟವೇ ಎದ್ದಿತು. "ತೀಸ್," ಎಂದ. ಶಿದ್ಲಿಂಗಪ್ಪ ನೂರಕ್ಕೆ ಮೂವತ್ತು ಎಂದು ಬರೆದುಕೊಂಡ. ನನ್ನ ಎದೆ ಹಗುರಾಯಿತು. ಅಂಗಡಿ ಬಂತು!

"ಬೈಠೋ," ಎಂದು ಕೂರಲು ಹೇಳಿ ಡಾಕ್ಟರ ಕಿಟಕಿಯ ಕಡೆ ತಿರುಗಿದ. ಅಲ್ಲಿ ತಾಟಿನಲ್ಲಿ ಅವನ ತತ್ತಿ ಇತ್ತು. ಸಿಪ್ಪೆ ಸುಲಿಯತೊಡಗಿದ.

ನನ್ನ ಪಕ್ಕದ ಕುರ್ಚಿ ಖಾಲಿ ಇತ್ತು. ಅದರ ತುದಿಗೆ ಒರಗಿ ಕಾಲು ಚಾಚಿದರೆ ಸಾಕಿತ್ತು, ನಾನು ಕೈಮಾಡಿ ಕರೆದೆ. ಮಜೀದ ತಲೆ ಅಲ್ಲಾಡಿಸಿದ. ಗೋಡೆಗೆ ಬೆನ್ನು ಹಚ್ಚಿ, ಬಲಗಾಲನ್ನು ಕೋಲಿನಂತೆ ಮುಂದೆ ಚಾಚಿ, ಅಂಗೈ ಒತ್ತುತ್ತ ಜಾರಿದ. ಕೊರಳ ನರ ಉಬ್ಬಿದವು, ತುಟಿ ಕಚ್ಚಿಕೊಂಡ, ಕಣ್ಣಲ್ಲಿ ನೀರು ಬಂತು, ಬಾಯಿಂದ ಮಾತ್ರ ಉಸುರಿಲ್ಲ. ಸಾಹೇಬರ ಮುಂದೆ ನರಳಿದರೆ ಅದೂ ಅದಬು ಅಲ್ಲವಲ್ಲ! ಓರೆಯಾಗಿ ವಾಲಿ ಒಂದು ಕುಂಡೆಯ ಮೇಲೆ ನೆಲಕ್ಕೆ ಕೂತ, ಕೈ ಕಟ್ಟಿಕೊಂಡ.

ಡಾಕ್ಟರ ತಿರುಗಿದ. ಮೀಸೆಗೆ ಹಳದಿ ಅಂಟಿತ್ತು. ನೆಲದ ಮೇಲಿನ ಮಜೀದನನ್ನು ಕಂಡು ನಕ್ಕ. ಮಲಗಿದಾಗ ಏಳದ ಕಾಲು ನೆಲಕ್ಕೆ ಕೂರುವಾಗ ಹೇಗೆ ಬಗ್ಗಿತು, ಎಲ್ಲ ನಾಟಕ ಎಂದು ಹಿಂದೂಸ್ತಾನಿಯಲ್ಲಿ ಬೈದ. ಮೂವತ್ತನ್ನು ಹೊಡೆದು ಹಾಕಿಸಿ ಹತ್ತು ಎಂದು ಬರೆಸಿದ.

ನಾನು ಎದ್ದು ನಿಂತೆ. "ಅವಗ ತಾನಾಗೇ ಎದ್ದೇಳಾಕ ಬರೂದಿಲ್ರೀ ಸಾಹೇಬ್ರ, ಒಮ್ಮೆ ಎಬ್ಬಿಸಿ ನೋಡ್ರಿ!"

ಶಿದ್ಲಿಂಗಪ್ಪ ಅದನ್ನು ಸಾಹೇಬನಿಗೆ ಹಿಂದೂಸ್ತಾನಿಯಲ್ಲಿ ಹೇಳಿದ, ಉತ್ತರವನ್ನೂ ತಂದ. ಮುಖ ಮಾತ್ರ ಕಾಗದದ ಮೇಲೇ ಇತ್ತು. "ಈ ಕಾಗದದಾಗ ಕುಂದರೂದು ಕೇಳ್ಯಾರ. ಏಳೂದಕ್ಕ ಇದರಾಗ ಕಾಲಂ ಇಲ್ಲಂತ."

ಥೂ! ಹಿರೇಕೆರೂರು ಸಂತೆಯ ಎತ್ತಿನ ದಲ್ಲಾಳಿ, ಹತ್ತು ಸುಳ್ಳು ಹೇಳಿ ಒಂದು ಎತ್ತು ಮಾರುವವನು, ಅವನೂ ಎತ್ತನ್ನು ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸುತ್ತಾನೆ. ಈತ ಉಳಿದರ್ಧ ತತ್ತಿಗೆ ಉಪ್ಪು ಹಚ್ಚುತ್ತಿದ್ದ. ನಾನೂ ಬಾಗಿಲಿನ ಸಿಪಾಯಿಯೂ ಮಜೀದನ ಕಂಕುಳಿಗೆ ಕೈಕೊಟ್ಟು ಎತ್ತಿದೆವು. ಅಷ್ಟರಲ್ಲಿ ಬೇರೊಬ್ಬನ ಹೆಸರು ಕೂಗಿಯಾಗಿತ್ತು.

"ಕುರ್ಚಿ ಇತ್ತಲ್ಲೋ, ಹುಚ್ಚ ಸೂಳಿಮಗನ!" ಎಂದು ದಾರಿಯಲ್ಲಿ ಬೈದೆ.

"ಅಮ್ಮನ ಮುಂದ ಇದನ್ನ ಹೇಳಬ್ಯಾಡ," ಎಂದ ಮಜೀದ. ಸವಣೂರು ಬರುವವರೆಗೆ ನನ್ನ ಹೆಗಲು ಹಿಡಿದು ನಿಂತೇ ಬಂದ.

ಹಾಜರಾಬಿ ಬಾಗಿಲಲ್ಲೇ ಇದ್ದಳು. ಪೆನ್ಶನ್ ವಿಷಯ ಆಮೇಲೆ, ಮೊದಲು ಕೇಳಿದ್ದು ಇದು: "ಕುರ್ಚಿ ಮ್ಯಾಲ ಕುಂದರಲಿಲ್ಲ ಹೌದಿಲ್ಲೋ?"

"ಇಲ್ಲಮ್ಮಾ. ನೆಲಕ್ಕ ಕುಂತೆ."

"ನನ್ನ ಬಂಗಾರ! ಅಷ್ಟು ತ್ರಾಸಿನಾಗ! ಸಾಹೇಬ್ರು ನೋಡಿದ್ರ?"

"ನೋಡಿದ್ರು. ನೋಡಿ ಬರಸಿದ್ರು."

ಅವಳ ಮುಖ ಅರಳಿತು. ಮಗನ ಅಂಗಡಿಗೆಂದು ಬಡಿಗನಿಂದ ಮಾಡಿಸಿದ ಎತ್ತರದ ಮೇಜು ಅಂಗಳದಲ್ಲೇ ಇತ್ತು. ಅದನ್ನೊಮ್ಮೆ ಸೆರಗಿನಿಂದ ಒರೆಸಿ ನನ್ನ ಕಡೆ ತಿರುಗಿದಳು. "ಮತ್ತ ನೀ, ಉಳವಪ್ಪಾ?"

"ನಾ ಕುರ್ಚಿ ಮ್ಯಾಲ ಕುಂತೆ, ಅಮ್ಮಾ. ನನಗ ಪೆನ್ಶನ್ ಆತು."

"ಸಾಹೇಬರ ಮುಂದ? ನಾಚಿಕಿ ಬರಲಿಲ್ಲೇನೋ ನಿನಗ?"

"ಬಂತಮ್ಮಾ," ಎಂದೆ. ಮಜೀದ ಆ ಮೇಜಿಗೆ ಒರಗಿ ನಿಂತು, ತಾಯಿ ಕೊಟ್ಟ ನೀರು ಕುಡಿಯುತ್ತಿದ್ದ.